ಸ್ವೀಡನ್‌ಗೆ ಕೆಲಸಕ್ಕೆ ಬಂದಿದೀರಾ? ಕಾಡಲ್ಲಿ ಬೆಂಕಿ ಹಚ್ಚೋದು ಹಿಂಗೆ ಕಲೀರಿ
ಸ್ವೀಡನ್‌ಗೆ ಬಂದೋರು ವೀಕೆಂಡ್ ಮನೇಲೇ ಕೂರಬೇಡಿ, ಇಲ್ಲಿ ಅಲ್ಲೆಮಾನ್ಸ್‌ರೆಟ್ಟೆನ್ ಅಂತ ಹಕ್ಕಿದೆ, ಖಾಸಗಿ ಕಾಡಾದ್ರೂ ಓಡಾಡ್ಬೋದು, ಮನೆಗಳಿಂದ ದೂರ ಒಂದೆರಡು ರಾತ್ರಿ ಟೆಂಟ್ ಹಾಕ್ಬೋದು. ಮೊದಲು ಬೆಂಕಿ ಹಚ್ಚೋದು ಕಲೀರಿ. ಹೊರಡೋ ಮುಂಚೆ ಅಲ್ಲಿ ಬೆಂಕಿ ನಿಷೇಧ ಇದ್ಯಾ ಅಂತ ನೋಡ್ಲೇಬೇಕು, ಬೇಸಿಗೇಲಿ ಸುಮಾರು ಸಲ ಇರತ್ತೆ. ನೆಲಕ್ಕೆ ಬಿದ್ದಿರೋ ಬರ್ಚ್ ತೊಗಟೆ ತಗೊಳ್ಳಿ (ನಿಂತಿರೋ ಮರದ್ದು ಕೀಳೋ ಹಾಗಿಲ್ಲ), ಚಾಕುವಿನ ಬೆನ್ನಿಂದ ಕಾಯಿತುರಿ ಥರ ಆಗೋವರೆಗೂ ಕೆರೆದು ಅದರ ಮೇಲೆ ಫೆರೋ ರಾಡ್ (ಕೆರೆದ್ರೆ ಕಿಡಿ ಹಾರಿಸೋ ಲೋಹದ ಕಡ್ಡಿ) ಕಿಡಿ ಬೀಳಿಸಿ, ತೊಗಟೇಲಿ ಎಣ್ಣೆ ಅಂಶ ಇರೋದ್ರಿಂದ ಸ್ವಲ್ಪ ಒದ್ದೆಯಿದ್ರೂ ಹತ್ಕೊಳ್ಳತ್ತೆ, ನಿಜಕ್ಕೂ ಖುಷಿಯಾಗತ್ತೆ! ಬಂಡೆ ಮೇಲೆ ಮಾತ್ರ ಹಚ್ಚಬೇಡಿ, ಬಿಸಿಗೆ ಸೀಳಿಹೋಗತ್ತೆ, ಆ ಗುರುತು ಹೋಗಲ್ಲ. ಚಾಕು ಕಾಡಿಗೆ ಹೋಗುವಾಗಷ್ಟೇ ಬ್ಯಾಗ್ ಒಳಗಿರಲಿ, ಸುಮ್ಮನೆ ಜೇಬಲ್ಲಿಟ್ಕೊಂಡು ಪೇಟೆ ಸುತ್ತೋದು ಕಾನೂನಿಗೆ ವಿರುದ್ಧ.