ಪ್ರಾಣಿಗಳ ನಡಿಗೆ ಓದಿದವರು ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕುವುದು ಹೇಗೆ?

ಏರು ಹತ್ತುವಾಗ ಎತ್ತಿನ ಯಾವ ಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತದೆ? ಕುರಿ ನಡಿಗೆ ಬಿಟ್ಟು ಓಟಕ್ಕೆ ಬೀಳುವುದು ಯಾವ ವೇಗದಲ್ಲಿ? ಮೇ ತಿಂಗಳ ಬಿಸಿಲಲ್ಲಿ ದನದ ಉಸಿರಾಟ ಹೇಗೆ ಬದಲಾಗುತ್ತದೆ? ಇಂಥವನ್ನು ಅಳೆದು ನೋಡುವ ಶಾಸ್ತ್ರಕ್ಕೆ ಪ್ರಾಣಿ ಶರೀರಕ್ರಿಯಾಶಾಸ್ತ್ರ, ಬಯೋಮೆಕ್ಯಾನಿಕ್ಸ್ ಎಂದು ಹೆಸರು. ಚಿತ್ರದುರ್ಗ–ದಾವಣಗೆರೆ ಸೀಮೆಯಲ್ಲಿ ಇದಕ್ಕೆ ಬೇಕಾದ ಸರಕು ಕಣ್ಣೆದುರೇ ಓಡಾಡುತ್ತಿರುತ್ತದೆ. ಹುದ್ದೆ ಮಾತ್ರ ಈ ಹೆಸರಲ್ಲಿ ಬರುವುದು ಅಪರೂಪ. ಸಾಮಾನ್ಯವಾಗಿ ಪ್ರಾಣಿಶಾಸ್ತ್ರದ ಖಾತೆಯಲ್ಲೇ ಬರುತ್ತದೆ. ಹಾಗಾಗಿ ‘ಈ ಅಭ್ಯರ್ಥಿ ನಮ್ಮ ವಿಭಾಗಕ್ಕೆ ಸಲ್ಲುತ್ತಾರೆ’ ಎಂದು ಪರಿಶೀಲನಾ ಸಮಿತಿಗೆ ಮನವರಿಕೆ ಮಾಡುವುದೇ ಅರ್ಜಿದಾರರ ಅರ್ಧ ಕೆಲಸ.

ಅಧಿಸೂಚನೆಯನ್ನು ಸಾವಧಾನವಾಗಿ ಓದಿ

2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ತೋಳಹುಣಸೆಯ ಶಿವಗಂಗೋತ್ರಿ ಮುಖ್ಯ ಆವರಣ. ಚಿತ್ರದುರ್ಗದ ಬಳಿ ಗುಡ್ಡದರಂಗವ್ವನಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಇಲ್ಲಾಗಲಿ, ಬೇರೆ ರಾಜ್ಯ ವಿ.ವಿ.ಯಲ್ಲಾಗಲಿ ಕರೆ ಬಂದಾಗ ಮೊದಲು ನೋಡಬೇಕಾದದ್ದು ಮೂರು: ಹುದ್ದೆ ಯಾವ ವಿಭಾಗದ್ದು, ರೋಸ್ಟರ್‌ನಲ್ಲಿ ಯಾವ ಪ್ರವರ್ಗಕ್ಕೆ ಮೀಸಲು, ವಿಶೇಷ ಅಧ್ಯಯನದ ಹೆಸರು ಕೊಟ್ಟಿದ್ದಾರೆಯೇ. ಪ್ರವರ್ಗ ನಿಮ್ಮದಲ್ಲದಿದ್ದರೆ ಅಲ್ಲಿಗೇ ಬಿಡಿ. ‘ಸಂಬಂಧಿತ ವಿಷಯ’ ಎಂಬ ಮಾತಿದ್ದರೆ ಬಾಗಿಲು ತೆರೆದಿದೆ ಎಂದೇ ಅರ್ಥ. ಯಾವ ವರ್ಷದ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಡಿ ನೇಮಕ ಎಂಬುದನ್ನೂ ನೋಡಿಕೊಳ್ಳಿ. ಕೆಳಗಿನ ಲೆಕ್ಕವೆಲ್ಲ 2018ರ ನಿಯಮಾವಳಿಯದು.

ವರ್ಷಗಳ ಲೆಕ್ಕ

ಪ್ರೊಫೆಸರ್ ಹುದ್ದೆಗೆ ಪಿಎಚ್.ಡಿ., ಕನಿಷ್ಠ 10 ಸಂಶೋಧನಾ ಪ್ರಬಂಧ, 10 ವರ್ಷದ ಬೋಧನೆ ಅಥವಾ ಅದೇ ದರ್ಜೆಯ ಸಂಶೋಧನೆಯ ಅನುಭವ, ಪಿಎಚ್.ಡಿ. ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದ ದಾಖಲೆ, 120 ಸಂಶೋಧನಾ ಅಂಕ ಬೇಕು.

ಹೆಚ್ಚಿನವರು ಎಡವುವುದು ಆ 10 ವರ್ಷದಲ್ಲಿ. ರಜೆ ಹಾಕಿ ಪಿಎಚ್.ಡಿ. ಮಾಡಿದ ಅವಧಿ ಅನುಭವಕ್ಕೆ ಸೇರುವುದಿಲ್ಲ. ಪಾಠ ಮಾಡುತ್ತಲೇ, ರಜೆಯಿಲ್ಲದೆ ಮಾಡಿದ್ದರೆ ಸೇರುತ್ತದೆ. ತಾತ್ಕಾಲಿಕ ಸೇವೆಯನ್ನು ಎಣಿಸಬೇಕಾದರೆ ಆಗ ನಿಮಗೆ ನಿಗದಿತ ಅರ್ಹತೆ ಇರಬೇಕು, ಕ್ರಮಬದ್ಧ ಆಯ್ಕೆ ಸಮಿತಿಯ ಮೂಲಕ ನೇಮಕವಾಗಿರಬೇಕು, ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ವೇತನಕ್ಕಿಂತ ಕಡಿಮೆ ಪಡೆದಿರಬಾರದು. ಈ ಕೊನೆಯ ಷರತ್ತಿನಲ್ಲಿ ನಮ್ಮ ಅತಿಥಿ ಉಪನ್ಯಾಸಕರ ಹತ್ತಾರು ವರ್ಷದ ದುಡಿಮೆ ಸೊನ್ನೆಯಾಗುತ್ತದೆ. ಕಡಿಮೆ ಕೊಟ್ಟವರು ಯಾರೋ, ಅನುಭವ ಕಳೆದುಕೊಳ್ಳುವವರು ಯಾರೋ! ನ್ಯಾಯದ ಮಾತು ಹಾಗಿರಲಿ, ಅರ್ಜಿ ಶುಲ್ಕ ಕಟ್ಟುವ ಮುಂಚೆ ಸೇವಾ ಪ್ರಮಾಣಪತ್ರ, ವೇತನ ಚೀಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

120 ಅಂಕ ಎಲ್ಲಿಂದ?

ವಿಜ್ಞಾನ ವಿಷಯಗಳಲ್ಲಿ ಮಾನ್ಯ ನಿಯತಕಾಲಿಕದ ಒಂದು ಪ್ರಬಂಧಕ್ಕೆ 8 ಅಂಕ. ಅದರ ಮೇಲೆ ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಪ್ರಬಂಧಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ) ನೋಡಿ ಕೂಡಿಸುತ್ತಾರೆ: 1ಕ್ಕಿಂತ ಕಡಿಮೆಯಿದ್ದರೆ 10, 1ರಿಂದ 2ಕ್ಕೆ 15, 2ರಿಂದ 5ಕ್ಕೆ 20. ಆಮೇಲೆ ಹಂಚಿಕೆ. ಇಬ್ಬರೇ ಬರೆದಿದ್ದರೆ ತಲಾ ಶೇ 70. ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಶೇ 70, ಉಳಿದವರಿಗೆ ತಲಾ ಶೇ 30.

ಬಯೋಮೆಕ್ಯಾನಿಕ್ಸ್‌ನವರಿಗೆ ಪೆಟ್ಟು ಬೀಳುವುದು ಇಲ್ಲೇ. ಒಂದು ಪ್ರಯೋಗಕ್ಕೆ ಪಶುವೈದ್ಯರು, ಭೌತಶಾಸ್ತ್ರದವರು, ಮೆಕ್ಯಾನಿಕಲ್ ಎಂಜಿನಿಯರ್ ಎಲ್ಲರೂ ಬೇಕು. ಲೇಖಕರ ಪಟ್ಟಿ ಉದ್ದವಾಗುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ 3 ಇರುವ ಪತ್ರಿಕೆಯಲ್ಲಿ ನಾಲ್ವರು ಬರೆದ ಪ್ರಬಂಧಕ್ಕೆ 28 ಅಂಕ. ಮೊದಲ ಹೆಸರು ನಿಮ್ಮದಾದರೆ 19.6, ನಡುವೆಲ್ಲೋ ಇದ್ದರೆ 8.4. ಅಂಥ 7 ಪ್ರಬಂಧಗಳಲ್ಲಿ ಮೊದಲಿಗರಾದವರು 137 ದಾಟುತ್ತಾರೆ, 10 ಪ್ರಬಂಧಗಳಲ್ಲಿ ನಡುವೆ ನಿಂತವರು 84ಕ್ಕೇ ನಿಲ್ಲುತ್ತಾರೆ. ಕ್ಯಾಮೆರಾ ಹೊತ್ತವರು ಯಾರು, ಲೆಕ್ಕ ಮಾಡಿದವರು ಯಾರು ಎಂದು ಸಮಿತಿ ಕೇಳುವುದಿಲ್ಲ. ಪ್ರಬಂಧ ಕಳಿಸುವ ಮೊದಲೇ ಹೆಸರುಗಳ ಕ್ರಮವನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ, ಸಂಕೋಚ ಬೇಡ.

ಪದವಿ ಪಡೆದ ಪ್ರತಿ ಪಿಎಚ್.ಡಿ. ವಿದ್ಯಾರ್ಥಿಗೆ 10 ಅಂಕ. ಇಬ್ಬರು ಮಾರ್ಗದರ್ಶಕರಿದ್ದರೆ ತಲಾ 7. ಮುಗಿಸಿದ ಯೋಜನೆ 10 ಲಕ್ಷ ರೂಪಾಯಿಗಿಂತ ದೊಡ್ಡದಾದರೆ 10, ಚಿಕ್ಕದಾದರೆ 5.

ಕಡತ

ಪ್ರತಿ ಅಂಕಕ್ಕೂ ಒಂದು ಪುಟದ ಪುರಾವೆ, ಪ್ರತಿ ಪುಟಕ್ಕೂ ಸಂಖ್ಯೆ, ಮುಂದೆ ಪರಿವಿಡಿ. ಕೆಲಸದಲ್ಲಿದ್ದರೆ ನಿರಾಕ್ಷೇಪಣಾ ಪತ್ರಕ್ಕೆ ಮೊದಲ ದಿನವೇ ಅರ್ಜಿ ಕೊಡಿ, ತಡವಾಗುವುದು ಅದೇ. ಪ್ರಬಂಧದ ಶೀರ್ಷಿಕೆಯಲ್ಲಿ ‘ಬಲ’, ‘ಚಲನೆ’ ಎಂದಷ್ಟೇ ಇದ್ದು ಪ್ರಾಣಿಯ ಹೆಸರಿಲ್ಲದಿದ್ದರೆ, ಅದು ಶರೀರಕ್ರಿಯಾಶಾಸ್ತ್ರಕ್ಕೆ ಹೇಗೆ ಸೇರುತ್ತದೆ ಎಂದು ಎರಡು ಸಾಲು ಬರೆದು ಲಗತ್ತಿಸಿ.

ಇಲ್ಲಿ ಏನು ಮಾಡುತ್ತೀರಿ?

ಅರ್ಜಿಯ ಜೊತೆ ಒಂದು ಸಂಶೋಧನಾ ಯೋಜನೆ ಇಡಿ, ಅವರು ಕೇಳದಿದ್ದರೂ. ಅದರಲ್ಲಿ ಕಾಂಗರೂ, ಚಿರತೆ ಬೇಡ. ಅಮೃತಮಹಲ್ ದನದ ತಳಿ ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ಬೆಳೆದದ್ದು, ಓಟಕ್ಕೂ ಎಳೆತಕ್ಕೂ ಹೆಸರಾದದ್ದು. ಅದರ ಹೆಜ್ಜೆಯ ಉದ್ದ, ಗೊರಸಿನ ಒತ್ತಡ, ಓಡಿದ ಮೇಲೆ ಉಸಿರು ಸ್ಥಿಮಿತಕ್ಕೆ ಬರುವ ಹೊತ್ತು, ಇಷ್ಟರಲ್ಲೇ ಇಬ್ಬರು ವಿದ್ಯಾರ್ಥಿಗಳ ಪಿಎಚ್.ಡಿ.ಗೆ ಸಾಕಾಗುವಷ್ಟು ಕೆಲಸವಿದೆ. ಚಳ್ಳಕೆರೆಯ ಕುರಿಹಿಂಡುಗಳು ಇನ್ನೂ ಸುಲಭ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮದ ಕೊಂಡುಕುರಿಯ (ನಾಲ್ಕು ಕೊಂಬಿನ ಹುಲ್ಲೆ) ಆಸೆ ಹುಟ್ಟುವುದು ಸಹಜ. ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವವರೆಗೆ ಯೋಜನೆಯ ಮೊದಲ ವರ್ಷಕ್ಕೆ ಅದನ್ನು ತರಬೇಡಿ. ಸಾಕುಪ್ರಾಣಿಯೇ ಆದರೂ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆಯುವ ಹಂತವನ್ನು ಬರೆದಿರಬೇಕು.

ಖರ್ಚನ್ನು ಚಿಕ್ಕದಾಗಿ ತೋರಿಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್, ಕೀಲುಗಳನ್ನು ಗುರುತಿಸುವ ಡೀಪ್‌ಲ್ಯಾಬ್‌ಕಟ್, ಸ್ನಾಯು–ಮೂಳೆಯ ಮಾದರಿ ಕಟ್ಟುವ ಓಪನ್‌ಸಿಮ್ ಇದ್ದರೆ ಕೆಲಸ ಶುರುವಾಗುತ್ತದೆ. ಎರಡೂ ತಂತ್ರಾಂಶ ಉಚಿತ. ನೆಲದ ಮೇಲೆ ಬೀಳುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಮಾತ್ರ ದುಬಾರಿ. ಅದಕ್ಕೆ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ಎಎನ್‌ಆರ್‌ಎಫ್‌ನಂಥ ಕಡೆ ಅನುದಾನ ಕೇಳುವುದಾಗಿ ಬರೆಯಿರಿ. ದಾವಣಗೆರೆಯಲ್ಲಿ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, ಜೆಜೆಎಂ ವೈದ್ಯಕೀಯ ಕಾಲೇಜು ಇವೆ. ಚಳ್ಳಕೆರೆ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಯಾರ ಜೊತೆ ಏನು ಮಾಡುತ್ತೀರಿ ಎಂಬುದಕ್ಕೆ ಒಂದು ಪ್ಯಾರಾ ಮೀಸಲಿಡಿ.

ಸಂದರ್ಶನ

ಯುಜಿಸಿ ನಿಯಮದಂತೆ ಕುಲಪತಿಗಳ ಅಧ್ಯಕ್ಷತೆಯ ಸಮಿತಿಯಲ್ಲಿ ಕುಲಾಧಿಪತಿಗಳ ನಾಮನಿರ್ದೇಶಿತರು, ಮೂವರು ವಿಷಯತಜ್ಞರು, ಡೀನ್, ವಿಭಾಗದ ಮುಖ್ಯಸ್ಥರು ಇರುತ್ತಾರೆ. ಎಲ್ಲರೂ ನಿಮ್ಮ ವಿಷಯದವರಾಗಿರುವುದಿಲ್ಲ. ಮೀನು ಅಥವಾ ಕೀಟ ಓದಿದವರೇ ಎದುರಿಗಿರಬಹುದು. ಅವರಿಗೂ ಹಿಡಿಸುವ ಒಂದು ಲೆಕ್ಕ ತಯಾರಿರಲಿ. ಉದಾಹರಣೆಗೆ ಫ್ರೂಡ್ ಸಂಖ್ಯೆ: ವೇಗದ ವರ್ಗವನ್ನು ಗುರುತ್ವ ಮತ್ತು ಕಾಲಿನ ಉದ್ದದ ಗುಣಲಬ್ಧದಿಂದ ಭಾಗಿಸಿದರೆ ಬರುವ ಅಂಕಿ. ಅದು 0.5ರ ಆಸುಪಾಸಿಗೆ ಬಂದಾಗ ನಾಲ್ಕು ಕಾಲಿನ ಪ್ರಾಣಿಗಳು ಸಾಮಾನ್ಯವಾಗಿ ನಡಿಗೆ ಬಿಟ್ಟು ಓಟಕ್ಕೆ ಬೀಳುತ್ತವೆ. ಕಾಲು 60 ಸೆಂ.ಮೀ. ಇರುವ ಕುರಿಗೆ ಆ ವೇಗ ಗಂಟೆಗೆ ಸುಮಾರು 6 ಕಿ.ಮೀ., 1.2 ಮೀಟರ್ ಇರುವ ಎತ್ತಿಗೆ ಸುಮಾರು 8.7. ಎರಡನ್ನೂ ಒಂದೇ ದಾರಿಯಲ್ಲಿ ಹೊಡೆದುಕೊಂಡು ಹೋದರೆ ಮೊದಲು ಓಡುವುದು ಕುರಿ, ಏಕೆ? ಬೋರ್ಡಿನ ಮೇಲೆ ನಾಲ್ಕು ಸಾಲಿನಲ್ಲಿ ಬಿಡಿಸಿ ತೋರಿಸಿದರೆ ಪಾಠ ಹೇಳುವ ಕೌಶಲವೂ ಗೊತ್ತಾಗುತ್ತದೆ.

ಆಯ್ಕೆಯಾದರೆ ಏಳನೇ ವೇತನ ಆಯೋಗದ ಶ್ರೇಣಿಯ 14ನೇ ಹಂತ, ಆರಂಭದ ಮೂಲವೇತನ 1,44,200 ರೂಪಾಯಿ. ವಾರಕ್ಕೆ 14 ಗಂಟೆ ನೇರ ಬೋಧನೆ. ಈಗಾಗಲೇ ಕಾಯಂ ಹುದ್ದೆಯಲ್ಲಿದ್ದವರು ರಾಜೀನಾಮೆ ಬರೆಯುವ ಬದಲು ಹಳೆಯ ಹುದ್ದೆಯ ಮೇಲೆ ಲಿಯನ್ (ಅದಕ್ಕೆ ಮರಳುವ ಹಕ್ಕು) ಕೇಳಿ, ಬಿಡುಗಡೆ ಆದೇಶ ಪಡೆದು ವರದಿ ಮಾಡಿಕೊಳ್ಳಿ.