ಬೇಸಿಗೆ ಟೊಮೆಟೊ: ಅಗಿ ಹಚ್ಚುವಾಗ ಅವಸರ ಬೇಡ

ಶಿವರಾತ್ರಿ ಹತ್ತಿರ ಬಂತೆಂದರೆ ಬೆಳಗಾವಿ ಸುತ್ತಲಿನ ನೀರಾವರಿ ಹೊಲಗಳಲ್ಲಿ ಟೊಮೆಟೊ ಅಗಿ ಹಚ್ಚುವ, ಅಂದರೆ ಸಸಿ ನೆಡುವ ಗಡಿಬಿಡಿ. ಈಗ ಹಚ್ಚಿದರೆ ಲಗ್ನದ ಹಂಗಾಮಿಗೆ ಹಣ್ಣು ಕೈಗೆ ಬರುತ್ತದೆ, ಗೋವಾದ ಗಾಡಿಗಳೂ ಸಿಗುತ್ತವೆ. ಆದರೆ ಹಚ್ಚಿದ ವಾರದಲ್ಲೇ ಸಾಲು ಸಾಲು ಒಣಗಿಸಿಕೊಂಡು ಮತ್ತೆ ನರ್ಸರಿಗೆ ಓಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಎಲ್ಲರೂ ಬಿಸಿಲನ್ನು ಬೈಯುತ್ತಾರೆ, ಹಚ್ಚಿದ ರೀತಿ ನೋಡುವುದಿಲ್ಲ.

ಹೊಲದ ಕೆಲಸ ಸರಳ. ಚೆನ್ನಾಗಿ ಹರಗಿ, ಪೂರ್ತಿ ಕಳಿತ ತಿಪ್ಪೆಗೊಬ್ಬರ ಹಾಕಿ, ಮೂರಡಿಗೊಂದು ಸಾಲು ಬಿಡಿ.

ಅಗಿ ಆರಿಸುವಾಗ ಉದ್ದಕ್ಕೆ ಮರುಳಾಗಬೇಡಿ. 25 ದಿನದ, ಗಿಡ್ಡ, ದಪ್ಪ ದಂಟಿನ ಅಗಿಯೇ ಬೇಕು. ಟ್ರೇಯಿಂದ ಒಂದನ್ನು ಎತ್ತಿ ನೋಡಿ: ಬೇರು ಬೆಳ್ಳಗಿರಬೇಕು, ಕಂದಾಗಿ ಸುರುಳಿ ಸುತ್ತಿದ್ದರೆ ಬಿಟ್ಟುಬಿಡಿ. ಎಲೆಯ ಕೆಳಗೆ ಬಿಳಿ ನೊಣ ಕಂಡರೂ ಅಷ್ಟೇ. ಅದು ತರುವ ಎಲೆ ಮುದುರು ರೋಗಕ್ಕೆ ಔಷಧಿಯೇ ಇಲ್ಲ. ಕೀಟ ತಡೆಯುವ ಬಲೆ ಕಟ್ಟದ ನರ್ಸರಿಯಲ್ಲಿ ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಇನ್ನು ಹಚ್ಚುವುದು. ಮೂರ್ನಾಲ್ಕು ದಿನ ಮೊದಲೇ ಟ್ರೇಗಳನ್ನು ತಂದು ನೀರು ಕಡಿಮೆ ಮಾಡಿ, ಬಿಸಿಲಿಗೆ ರೂಢಿ ಮಾಡಿಸಿ. ಹಚ್ಚುವ ದಿನ ಬೆಳಿಗ್ಗೆ ಸಾಲಿಗೆ ನೀರು ಬಿಡಿ, ಹಚ್ಚುವ ತಾಸು ಮೊದಲು ಟ್ರೇಗೂ ನೀರು ಹಾಕಿ, ಸಂಜೆ ನಾಲ್ಕರ ಮೇಲೆ ಕೈ ಹಚ್ಚಿ. ಆಳು ಸಿಕ್ಕರೆಂದು ಮಧ್ಯಾಹ್ನ ಶುರು ಮಾಡುವುದು ಬೇಡವೇ ಬೇಡ. ದಂಟು ಹಿಡಿದು ಜಗ್ಗದೆ, ಟ್ರೇಯ ತಳದಿಂದ ಬೆರಳಲ್ಲಿ ಒತ್ತಿ ಅಗಿಯನ್ನು ಮೇಲೆತ್ತಿ. ಟೊಮೆಟೊವನ್ನು ಕೆಳಗಿನ ಎಲೆಯ ಬುಡದವರೆಗೂ ಹೂಳಬಹುದು, ದಂಟಿನಿಂದಲೇ ಹೊಸ ಬೇರು ಒಡೆಯುತ್ತದೆ. ಮೆಣಸಿನಕಾಯಿ, ಬದನೆಗೆ ಹೀಗೆ ಮಾಡಬೇಡಿ. ಅವು ಟ್ರೇಯಲ್ಲಿದ್ದಷ್ಟೇ ಆಳ ಇರಲಿ. ಎರಡೂ ಕಡೆಯಿಂದ ಮಣ್ಣನ್ನು ಬೆರಳಿನಿಂದ ಒತ್ತಿ. ಬೇರಿನ ಸುತ್ತ ಪೊಳ್ಳು ಉಳಿದರೆ ಅಲ್ಲಿಯೇ ಒಣಗುತ್ತದೆ. ಪರೀಕ್ಷೆ ಬೇಕೇ? ಒಂದು ಎಲೆ ಹಿಡಿದು ಜಗ್ಗಿ. ಎಲೆ ಹರಿದು ಗಿಡ ಅಲುಗದಿದ್ದರೆ ಸರಿಯಾಗಿ ಕೂತಿದೆ. ಡ್ರಿಪ್ ಇದ್ದರೂ ಬುಡಕ್ಕೆ ಒಂದೊಂದು ತಂಬಿಗೆ ನೀರು ಹಾಕಲೇಬೇಕು.

ಕುಣಿಯಲ್ಲಿ ಚಿಟಿಕೆ ಯೂರಿಯಾ ಹಾಕುವ ಚಟ ಕೆಲವರಿಗೆ. ಎಳೆ ಬೇರು ಸುಟ್ಟುಹೋಗುತ್ತದೆ. ಒಳಗೇನಿದೆ ಎಂದು ಚೀಟಿಯ ಮೇಲೆ ಬರೆಯದ ‘ಬೇರಿನ ಟಾನಿಕ್’ ಬಾಟಲಿಗೂ ದುಡ್ಡು ಸುರಿಯಬೇಡಿ. ಅದರ ಬದಲು ಪ್ರತಿ 16 ಸಾಲಿಗೆ ಒಂದು ಸಾಲು ಚೆಂಡು ಹೂ ಹಚ್ಚಿ. ಅದರ ಸಸಿ 40-45 ದಿನದ್ದಾಗಿರಲಿ, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗ ಚೆಂಡು ಹೂವಿನ ಮೇಲೆಯೇ ಹೆಚ್ಚು ಮೊಟ್ಟೆ ಇಡುತ್ತದೆ, ಟೊಮೆಟೊಗೆ ಕಾಟ ಕಡಿಮೆಯಾಗುತ್ತದೆ.

ಹಚ್ಚಿ ತಿಂಗಳಾದ ಮೇಲೆ ಗೂಟ ನೆಟ್ಟು ಗಿಡ ಕಟ್ಟಿ.

ಎರಡು ತಿಂಗಳು ದಾಟಿದ ಮೇಲೆ ಕೊಯ್ಲು. ಗೋವಾಕ್ಕಾದರೆ ಹಣ್ಣಿನ ತುದಿಯಲ್ಲಿ ಬಣ್ಣ ತಿರುಗಿದಾಗಲೇ ಹರಿಯಿರಿ, ಊರ ಸಂತೆಗೆ ಕೆಂಪಾದದ್ದು. ಬಿಸಿಲಲ್ಲಿ ಹರಿಯಬೇಡಿ, ಚೀಲದಲ್ಲಿ ತುಂಬಬೇಡಿ, ಕ್ರೇಟೇ ಬೇಕು. ಸಣ್ಣ ಹಣ್ಣನ್ನು ತಳಕ್ಕೆ ಹಾಕಿ ಮೇಲೆ ದಪ್ಪದ್ದು ಜೋಡಿಸುವವರಿದ್ದಾರೆ. ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಒಂದು ಕ್ರೇಟು ಸುರುವಿ ನೋಡಿದರೆ ಸಾಕು, ಇಡೀ ಮಾಲಿಗೆ ಸಣ್ಣದರ ದರವೇ ಕಟ್ಟುತ್ತಾರೆ. ಸಣ್ಣದಕ್ಕೆ ಬೇರೆ ಕ್ರೇಟು ಮಾಡಿ, ಬೇರೆಯಾಗಿಯೇ ಸವಾಲಿಗೆ ಇಡಿ.