3970010: ಕಮಾರೋ ಕಾರಿನ ಬ್ಲಾಕ್ ಗುರುತಿಸಿದ ನನ್ನ ಅನುಭವ

ಮಿಷಿಗನ್ನಿನಲ್ಲಿ ನೆಲೆಸಿದ ಮೇಲೆ ಹಳೆಯ ಷೆವ್ರೊಲೆ ಕಾರುಗಳ ಹುಚ್ಚು ಹಿಡಿಸಿಕೊಂಡ ನಾನು 1969ರ ಕಮಾರೋ ಒಂದನ್ನು ನೋಡಲು ಹೋದಾಗ, ಅದರಲ್ಲಿರುವುದು ಕಾರ್ಖಾನೆಯಿಂದಲೇ ಬಂದ 350 (ಘನ ಇಂಚಿನ) ಇಂಜಿನ್ ಎಂದು ಮಾರುವವರು ಹೇಳಿದರು. ಆ ಒಂದು ಮಾತಿಗೆ ಇಲ್ಲಿ ಸಾವಿರಾರು ಡಾಲರ್ ಬೆಲೆಯಿರುವುದರಿಂದ, ಮುಂಗಡ ಕೊಡುವ ಮೊದಲು ಬ್ಲಾಕನ್ನು, ಅಂದರೆ ಇಂಜಿನ್ನಿನ ಎರಕದ ಮುಖ್ಯ ಒಡಲನ್ನು, ಪರೀಕ್ಷಿಸಲು ಅವರ ಒಪ್ಪಿಗೆ ಪಡೆದೆ.

ಈ ಇಂಜಿನ್ನುಗಳಲ್ಲಿ ಎರಕದ ಸಂಖ್ಯೆಯು ಚಾಲಕನ ಬದಿಯ ಹೆಡ್ಡಿನ (ಬ್ಲಾಕಿನ ಮೇಲೆ ಕೂರುವ ಭಾಗದ) ಹಿಂದೆ, ಗೇರ್‌ಬಾಕ್ಸ್ ಕೂಡುವ ಅಂಚಿನ ಮೇಲೆ ಉಬ್ಬಕ್ಷರಗಳಲ್ಲಿರುತ್ತದೆ. ಏರ್ ಕ್ಲೀನರ್ ತೆಗೆದರೂ ಅಲ್ಲಿಗೆ ಕಣ್ಣು ಹಾಯುವುದಿಲ್ಲ. ಐವತ್ತು ವರ್ಷಗಳ ಜಿಡ್ಡನ್ನು ಡಿಗ್ರೀಸರ್ ಸಿಂಪಡಿಸಿ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಟಾರ್ಚನ್ನು ನೇರವಾಗಿ ಬಿಡದೆ ಓರೆಯಾಗಿ ಹಿಡಿದಾಗ ಅಂಕೆಗಳ ನೆರಳು ಎದ್ದು ಕಂಡಿತು. ಕನ್ನಡಿಯಲ್ಲಿ ಓದಿದರೆ 3 ಮತ್ತು 8 ಗೊಂದಲ ಮಾಡುತ್ತವೆಂದು ಫೋನನ್ನೇ ಒಳಗೆ ತೂರಿಸಿ ಚಿತ್ರ ತೆಗೆದೆ: 3970010.

350 ಇಂಜಿನ್ನಿಗೆ ಹೊಂದುವ ಸಂಖ್ಯೆಯೆಂದು ಮಾರುವವರು ಹಿಗ್ಗಿದರು, ನನಗೆ ಮಾತ್ರ ಸಮಾಧಾನವಾಗಲಿಲ್ಲ. ಈ ಎರಕವನ್ನು 1969ರಿಂದ 1979ರವರೆಗೆ ಬಳಸಲಾಗಿದ್ದು, ಮೊದಲ ವರ್ಷ ಇದೇ ಬ್ಲಾಕಿನಲ್ಲಿ 302 ಮತ್ತು 327 ಇಂಜಿನ್ನುಗಳೂ ತಯಾರಾದವು. ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿಡುವ ಮೇನ್ ಬೇರಿಂಗ್ ಕ್ಯಾಪಿಗೆ ಎರಡು ಬೋಲ್ಟೋ ನಾಲ್ಕೋ ಎಂಬುದನ್ನೂ ಈ ಸಂಖ್ಯೆ ತಿಳಿಸುವುದಿಲ್ಲ.

ಇನ್ನೊಂದು ಬದಿಯ ಹಿಂಭಾಗದಲ್ಲಿ ಎರಕದ ದಿನಾಂಕ ಸಿಕ್ಕಿತು: ‘ಸಿ 12 9’. ಎ ಅಕ್ಷರ ಜನವರಿಯಾದ್ದರಿಂದ ಸಿ ಎಂದರೆ ಮಾರ್ಚ್. ಕಾರಿನ ಬಾಡಿಯ ತಗಡುಚೀಟಿಯಲ್ಲಿದ್ದ ‘03ಡಿ’, ಅಂದರೆ ಮಾರ್ಚ್ ನಾಲ್ಕನೆಯ ವಾರ, ಇದಕ್ಕೆ ಹೇಳಿ ಮಾಡಿಸಿದಂತೆ ಹೊಂದುತ್ತಿತ್ತು. ಆದರೆ ಇಸವಿಯನ್ನು ಒಂದೇ ಅಂಕೆಯಲ್ಲಿ ಎರಕ ಹೊಯ್ದಿರುವುದರಿಂದ ಆ 9 ಎಂಬುದು 1969 ಆಗಿರಬಹುದು, 1979 ಕೂಡ ಆಗಿರಬಹುದು.

ತೀರ್ಮಾನ ಸಿಗಬೇಕಾದದ್ದು ಬಲಗಡೆಯ ಹೆಡ್ಡಿನ ಮುಂದಿರುವ ಚಪ್ಪಟೆ ಜಾಗದಲ್ಲಿ. ಅದು ಆಲ್ಟರ್ನೇಟರಿನ ಕೆಳಗೆ ಅಡಗಿರುವುದರಿಂದ ಬ್ರ್ಯಾಕೆಟ್ಟನ್ನು ಸಡಿಲಿಸಿ ಸರಿಸಬೇಕಾಯಿತು. ಅಲ್ಲಿಯವು ಉಬ್ಬಕ್ಷರಗಳಲ್ಲ, ಕುಟ್ಟಿ ಒತ್ತಿದ ತೆಳು ಗುರುತುಗಳು. ತಂತಿ ಬ್ರಷ್ ತಗುಲಿಸಿದರೆ ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ಗೆರೆಗಳೇ ಅಳಿಸಿಹೋಗುತ್ತವೆ. ಆದ್ದರಿಂದ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿದೆ. ‘ವಿ0321’ ಎಂದು ಮೊದಲು ಕಂಡಿತು: ಫ್ಲಿಂಟ್ ಕಾರ್ಖಾನೆ, ಮಾರ್ಚ್ 21. ಅದರ ಬೆನ್ನಿಗೇ ಮೂರು ಅಕ್ಷರಗಳಿದ್ದವು. 1969ರ ಇಂಜಿನ್ನುಗಳಿಗೆ ಅಲ್ಲಿರುವುದು ಎರಡೇ ಅಕ್ಷರ; ಮೂರಕ್ಷರದ ಪದ್ಧತಿ ಬಂದದ್ದು 1970ರ ಮಾದರಿಗಳಿಂದ. ಪಕ್ಕದಲ್ಲಿದ್ದ ವಾಹನ ಸಂಖ್ಯೆಯ ಆರಂಭದ 19 (ಷೆವ್ರೊಲೆಗೆ 1, ಇಸವಿಯ ಕೊನೆಯಂಕೆ 9) ಕಾರಿನದಕ್ಕೆ ಹೊಂದಿದರೂ, ಕೊನೆಯ ಆರು ಅಂಕೆಗಳು ಬೇರೆಯೇ ಆಗಿದ್ದವು.

ದಿನಾಂಕಗಳು ಇಷ್ಟು ಹೊಂದಿದ್ದು ಕಾಕತಾಳೀಯವೋ, ಹಿಂದಿನ ಯಾರಾದರೂ ಹುಡುಕಿ ತಂದು ಕೂರಿಸಿದ್ದೋ ಗೊತ್ತಾಗಲಿಲ್ಲ. ಮಾರುವವರ ಮುಖದ ಅಚ್ಚರಿ ನಟನೆಯಂತಿರಲಿಲ್ಲ. ಬೆಲೆ ಇಳಿಸಿಕೊಂಡು ಕಾರನ್ನು ಕೊಂಡೆ. ಇಂಜಿನ್ ಸೊಗಸಾಗಿ ಓಡುತ್ತಿದೆ. ಕಾರಿನ ಕಡತದಲ್ಲಿ ಮಾತ್ರ ‘1979ರ ಬದಲಿ ಬ್ಲಾಕ್’ ಎಂದು ಬರೆದು, ಸೀಮೆಸುಣ್ಣದ ಚಿತ್ರವನ್ನು ಅಂಟಿಸಿಟ್ಟಿದ್ದೇನೆ.